ಬಿಸಿಲ ನಾಡಿನ ವಸಂತ: ಕಲಬುರಗಿ–ಕಮಲಾಪುರ ಪರಿಸರದಲ್ಲಿ ಹಕ್ಕಿ ಛಾಯಾಗ್ರಹಣ

1. ವಸಂತದ ಅವಧಿ ಮತ್ತು ಸ್ವರೂಪ

ಕಲಬುರಗಿ ಸೀಮೆಯಲ್ಲಿ ವಸಂತ ಮೊದಲು ಕಾಣಿಸಿಕೊಳ್ಳುವುದು ಎಲೆ ಉದುರಿದ ಮರಗಳ ಮೇಲೆ. ಹಿಂಗಾರು ಜೋಳದ ಕೊಯ್ಲು ಮುಗಿದು ರಾಶಿಯ ಕೆಲಸ ನಡೆಯುವ ಹೊತ್ತಿಗೆ ಮುತ್ತುಗದ ಬೋಳು ಕೊಂಬೆಗಳಲ್ಲಿ ಕೇಸರಿ ಹೂ ತುಂಬುತ್ತದೆ. ಪಂಚಾಂಗದ ಲೆಕ್ಕದಲ್ಲಿ ಚೈತ್ರ, ವೈಶಾಖ ಮಾಸಗಳು ವಸಂತ ಋತು. ಆದರೆ ಇಲ್ಲಿ ಯುಗಾದಿಯ ಬೇವು–ಬೆಲ್ಲ ಹಂಚುವಷ್ಟರಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಸಮೀಪಿಸಿರುತ್ತದೆ. ಹೊರಗೆ ತಿರುಗಾಡಿ ಹಕ್ಕಿ ನೋಡಲು, ಚಿತ್ರ ತೆಗೆಯಲು ಒದಗುವ ವಸಂತ ಫೆಬ್ರುವರಿ ನಡುವಿನಿಂದ ಏಪ್ರಿಲ್ ನಡುವಿನವರೆಗಿನ ಸುಮಾರು ಎರಡು ತಿಂಗಳು ಮಾತ್ರ.

ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯ ಸುತ್ತ ಎರೆ ಭೂಮಿ ಹರಡಿದೆ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಬಿದ್ದು ಮುಗಿಯುತ್ತದೆ. ಆದ್ದರಿಂದ ಇಲ್ಲಿಯ ವಸಂತ ಒಣ ವಸಂತ. ಮಲೆನಾಡಿನಲ್ಲಿ ಹಕ್ಕಿ ಎಲೆಗಳ ನಡುವೆ ಅಡಗಿರುತ್ತದೆ. ಬಯಲುಸೀಮೆಯಲ್ಲಿ ಅಡಗಲು ಎಲೆಗಳೇ ಕಡಿಮೆ. ಹಳ್ಳಗಳು ಬತ್ತಿ, ಕೆರೆಗಳು ಕುಗ್ಗಿ, ಹೂವು ಕೆಲವೇ ಮರಗಳಿಗೆ ಸೀಮಿತವಾದಾಗ ಹಕ್ಕಿಗಳೂ ಅಲ್ಲಲ್ಲೇ ಗುಂಪುಗೂಡುತ್ತವೆ. ನೀರು ಎಲ್ಲಿ ಉಳಿದಿದೆ, ಯಾವ ಮರ ಹೂ ಬಿಟ್ಟಿದೆ, ಯಾವ ಮರ ಹಣ್ಣಾಗಿದೆ ಎಂಬ ಮೂರು ಸಂಗತಿಗಳನ್ನು ಅರಿತವರಿಗೆ ಇಲ್ಲಿಯ ಹಕ್ಕಿಗಳ ದಿನಚರಿಯ ದೊಡ್ಡ ಭಾಗ ತಿಳಿದಂತೆಯೇ. ಈ ಭಾಗದ ಹಕ್ಕಿ ಛಾಯಾಗ್ರಹಣ ಆರಂಭವಾಗಬೇಕಾದದ್ದೂ ಈ ಅರಿವಿನಿಂದಲೇ. ಕ್ಯಾಮೆರಾ ಆಮೇಲಿನ ಮಾತು.

2. ಹೂವು, ಹಣ್ಣು ಮತ್ತು ಹಕ್ಕಿ

ವಸಂತದಲ್ಲಿ ಒಂದು ಮುತ್ತುಗದ ಮರದ ಮುಂದೆ ಕುಳಿತರೆ ಈ ಸೀಮೆಯ ಹತ್ತಾರು ಬಗೆಯ ಹಕ್ಕಿಗಳನ್ನು ಕಾಣಬಹುದು. ಅದರ ಬಾಗಿದ ದಪ್ಪ ಹೂವಿನ ಒಳಗೆ ಮಕರಂದ ಧಾರಾಳವಾಗಿರುತ್ತದೆ. ಸೂರಕ್ಕಿ, ಗೊರವಂಕ, ಕಾಜಾಣ, ಪಿಕಳಾರ, ಹರಟೆಮಲ್ಲ, ಗಿಳಿ ಎಲ್ಲವೂ ಅದಕ್ಕಾಗಿ ಬರುತ್ತವೆ. ಹೂವಿನೊಳಗೆ ಕೊಕ್ಕು ಹಾಕಿದ ಹಕ್ಕಿಯ ತಲೆಗೆ ಪರಾಗ ಅಂಟಿ ಮುಂದಿನ ಮರಕ್ಕೆ ಸಾಗುತ್ತದೆ. ಅಳಿಲು ಕೂಡ ಈ ಕೆಲಸದಲ್ಲಿ ಪಾಲುದಾರ. ಗಿಳಿಗಳು ಹೂವನ್ನೇ ಕಿತ್ತು ಮಕರಂದ ಹೀರಿ ಕೆಳಗೆ ಎಸೆಯುವುದರಿಂದ ಮರದಡಿ ಕೇಸರಿ ಹಾಸು ಬಿದ್ದಿರುತ್ತದೆ. ಬೂರುಗ ಮತ್ತು ಹಾಲುವಾಣ ಇದೇ ಗುಂಪಿಗೆ ಸೇರಿದ ಮರಗಳು: ಎಲೆ ಉದುರಿಸಿ, ಕೆಂಪು ಹೂ ತೋರಿ, ಹಕ್ಕಿಗಳನ್ನು ಕರೆಯುವಂಥವು.

ಆಲ, ಅರಳಿ, ಅತ್ತಿ ಮರಗಳದು ಬೇರೆ ಕ್ರಮ. ಇವುಗಳಲ್ಲಿ ಹಣ್ಣಾಗುವ ಕಾಲ ಮರದಿಂದ ಮರಕ್ಕೆ ಬದಲಾಗುತ್ತದೆ. ಹೊಲದ ಬದುವಿನ ಒಂದು ಆಲದ ಮರ ಹಣ್ಣಾಯಿತೆಂದರೆ ಕುಟ್ರು, ಗೊರವಂಕ, ಕೋಗಿಲೆ, ಹೊನ್ನಕ್ಕಿಗಳಿಗೆ ಅದೇ ಊಟದ ಮನೆ. ಲೋಹ ಬಡಿದಂತೆ ಒಂದೇ ಲಯದಲ್ಲಿ ಕೂಗುವ ಕಂಚುಗಾರ ಹಕ್ಕಿ ಗುಬ್ಬಿಗಿಂತ ತುಸು ದೊಡ್ಡದು. ಮೈ ಹಸಿರು, ಹಣೆ ಮತ್ತು ಎದೆಯ ಮೇಲೆ ಕೆಂಪು. ಒಣಗಿದ ಕೊಂಬೆಯ ಕೆಳಮಗ್ಗುಲಲ್ಲಿ ದುಂಡಗೆ ಪೊಟರೆ ಕೊರೆದು ಅದು ಗೂಡು ಮಾಡಿಕೊಳ್ಳುತ್ತದೆ. ಒಣಗಿದ ಕೊಂಬೆಗಳನ್ನೆಲ್ಲ ಕಡಿದು ಚೊಕ್ಕಟ ಮಾಡಿದ ರಸ್ತೆಬದಿಯ ಮರದಲ್ಲಿ ಈ ಹಕ್ಕಿಗೆ ಮನೆ ಸಿಗುವುದಿಲ್ಲ. ಹೊಂಗೆ ಮತ್ತು ಬೇವು ಮಾರ್ಚ್–ಏಪ್ರಿಲ್‌ನಲ್ಲಿ ಚಿಗುರಿ ಹೂ ಬಿಟ್ಟಾಗ ಕೀಟಗಳು ಹೆಚ್ಚುತ್ತವೆ. ಕೀಟಗಳ ಹಿಂದೆ ಕಳ್ಳಿಪೀರ, ಕಾಜಾಣ, ಸಿಂಪಿಗ ಹಕ್ಕಿಗಳು ಬರುತ್ತವೆ.

3. ನಗರದೊಳಗಿನ ತಾಣಗಳು

ಹಕ್ಕಿಯ ಚಿತ್ರಕ್ಕೆ ದೂರದ ಕಾಡಿಗೇ ಹೋಗಬೇಕೆಂಬ ನಂಬಿಕೆಗೆ ಕಲಬುರಗಿ ನಗರದಲ್ಲಿ ಆಧಾರವಿಲ್ಲ. 14ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಗಿ ಬೆಳೆದ ಊರಿನ ನಡುವೆ ಕೋಟೆಯಿದೆ. ಅದರ ದಪ್ಪ ಗೋಡೆ, ಬುರುಜು, ಕಂದಕ, ಒಳಗಿನ 1367ರ ಜಾಮಿ ಮಸೀದಿ ಇತಿಹಾಸದ ವಿದ್ಯಾರ್ಥಿಗಳಿಗೆ ಎಷ್ಟು ಮುಖ್ಯವೋ ಹಕ್ಕಿಗಳಿಗೂ ಅಷ್ಟೇ ಮುಖ್ಯ. ಇಂಥ ಹಳೆಯ ಕಲ್ಲುಗೋಡೆಗಳ ಸಂದುಗಳಲ್ಲಿ ಹಾಲಕ್ಕಿ, ಪಾರಿವಾಳ, ಗಿಳಿ, ಗೊರವಂಕಗಳು ಗೂಡು ಕಟ್ಟುತ್ತವೆ. ಸಂಜೆ ಹೊತ್ತು ಗೋಡೆಯ ಪೊಟರೆಯಿಂದ ಹೊರಬಂದು ಕುಳಿತು, ತಲೆ ಏರಿಳಿಸಿ ಸುತ್ತ ನೋಡುವ ಹಾಲಕ್ಕಿಯ ಚಿತ್ರ ತೆಗೆಯಲು ದೊಡ್ಡ ಸಲಕರಣೆ ಬೇಕಿಲ್ಲ. ದಿನವೂ ಅದೇ ಸಂದಿನಿಂದ ಹೊರಬರುತ್ತದೆಂದು ತಿಳಿದಿದ್ದರೆ ಸಾಕು.

ಶರಣಬಸವೇಶ್ವರ ಗುಡಿಯ ಸಮೀಪದ ಅಪ್ಪನ ಕೆರೆ ನಗರದ ಇನ್ನೊಂದು ತಾಣ. ಬೆಳ್ಳಕ್ಕಿ, ನೀರುಕಾಗೆ, ನಾಮದ ಕೋಳಿ, ಮಿಂಚುಳ್ಳಿಗಳಂಥ ನೀರಿನ ಹಕ್ಕಿಗಳ ಬದುಕನ್ನು ಆರಂಭಿಕರು ಅಭ್ಯಾಸ ಮಾಡಲು ಊರೊಳಗಿನ ಇಂಥ ಕೆರೆಗಿಂತ ಅನುಕೂಲದ ಜಾಗವಿಲ್ಲ. ಜನಸಂಚಾರಕ್ಕೆ ಒಗ್ಗಿದ ಹಕ್ಕಿ ಬೇಗ ಬೆದರುವುದಿಲ್ಲ, ಕ್ಯಾಮೆರಾ ಹಿಡಿದವರಿಗೂ ಕೈ ಪಳಗಿಸಿಕೊಳ್ಳಲು ಸಮಯ ಸಿಗುತ್ತದೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ವಿಶಾಲ ಆವರಣ, ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ಬಯಲು ಕುರುಚಲು ನೆಲದ ಹಕ್ಕಿಗಳ ಅಧ್ಯಯನಕ್ಕೆ ಒದಗುವ ಜಾಗಗಳು. ಟಿಟ್ಟಿಭ, ನೆಲಗುಬ್ಬಿ, ಚಂದ್ರಮುಕುಟ, ಗೌಜಲು, ನವಿಲುಗಳಿಗೆ ಬೇಕಾದದ್ದು ಇಂಥದೇ ನೆಲ: ಒತ್ತಾದ ಕಾಡಿಲ್ಲದ, ಪೂರ್ತಿ ಬೋಳೂ ಅಲ್ಲದ ಬಯಲು.

ಹಕ್ಕಿಗಳೊಡನೆ ಈ ಊರಿನ ನಂಟಿಗೆ ಒಂದು ಆಳವಾದ ನೆಲೆಯೂ ಇದೆ. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರು (1746–1822) ಹೊಲ ಕಾಯಲು ಹೋದಾಗ ಹಕ್ಕಿಗಳನ್ನು ಓಡಿಸದೆ ತೆನೆ ತಿನ್ನಲು ಬಿಟ್ಟರು, ಕುಡಿಯಲು ನೀರನ್ನೂ ಇಟ್ಟರು ಎಂಬ ಐತಿಹ್ಯ ಇಲ್ಲಿಯ ಮನೆಮನೆಯಲ್ಲಿ ಪರಿಚಿತ. ಹೋಳಿ ಹುಣ್ಣಿಮೆಯ ನಂತರದ ಪಂಚಮಿಗೆ ನಡೆಯುವ ಅವರ ಜಾತ್ರೆ ಬರುವುದು ವಸಂತದಲ್ಲೇ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ, ಮರದ ಕೊಂಬೆಗೆ ಮಣ್ಣಿನ ಬಟ್ಟಲು ಕಟ್ಟಿ ನೀರಿಡುವ ರೂಢಿಗೆ ಈ ನೆನಪೇ ಬಲ.

4. ಕಮಲಾಪುರ: ತೋಟ, ಹೊಲ ಮತ್ತು ದಿಬ್ಬ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ 40 ಕಿಲೋಮೀಟರಿಗೆ ತುಸು ಒಳಗೆ ಕಮಲಾಪುರ ಸಿಗುತ್ತದೆ. ಈಗ ಅದು ತಾಲ್ಲೂಕು ಕೇಂದ್ರ. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಲಬುರಗಿ–ಬೀದರ್ ರೈಲು ಮಾರ್ಗವೂ ಈ ಊರನ್ನು ಹಾದು ಹೋಗುತ್ತದೆ. ಎರೆ ಬಯಲು ಮುಗಿದು ಕೆಂಪು ನೆಲದ ದಿಬ್ಬಗಳು ತೊಡಗುವುದು ಈ ಸುತ್ತಿನಲ್ಲಿ. ಕೆಲವೇ ಕಿಲೋಮೀಟರ್ ಅಂತರದಲ್ಲಿ ನೀರಾವರಿ ತೋಟ, ಒಣ ಹೊಲ, ಕಲ್ಲು ದಿಬ್ಬ, ಜಲಾಶಯದ ದಂಡೆ ನಾಲ್ಕೂ ಸಿಗುವುದರಿಂದ ಹಕ್ಕಿ ಛಾಯಾಗ್ರಾಹಕರಿಗೆ ಕಮಲಾಪುರ ಬಹು ಅನುಕೂಲದ ನೆಲೆ.

ಕಮಲಾಪುರದ ಹೆಸರು ದೂರಕ್ಕೆ ಹರಡಿದ್ದು ಅಲ್ಲಿಯ ಕೆಂಪು ಬಾಳೆಯಿಂದ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ತಳಿ ಸಾಮಾನ್ಯ ಬಾಳೆಗಿಂತ ನಿಧಾನವಾಗಿ ಬೆಳೆದು ಹಣ್ಣು ಕೊಡುತ್ತದೆ. ಅಷ್ಟೂ ಕಾಲ ತೋಟಕ್ಕೆ ನೀರು ಹರಿಯುತ್ತಿರಬೇಕು. ಸುತ್ತ ಎಲ್ಲವೂ ಒಣಗಿರುವ ಮಾರ್ಚ್ ತಿಂಗಳಲ್ಲಿ ನೆರಳು, ತೇವ, ಕೀಟ ಮೂರನ್ನೂ ಒಟ್ಟಿಗೆ ಒದಗಿಸುವ ಜಾಗ ಬಾಳೆ ತೋಟ. ಬಾಳೆಯ ಹೂವಿನ ಮಕರಂದಕ್ಕೆ ಹಗಲಲ್ಲಿ ಸೂರಕ್ಕಿಗಳು, ರಾತ್ರಿ ಬಾವಲಿಗಳು ಬರುತ್ತವೆ. ನೀರು ಕಟ್ಟಿದ ಪಾತಿಗಳಲ್ಲಿ ಮಡಿವಾಳ, ಸಿಪಿಲೆ, ಬೆಳ್ಳಕ್ಕಿಗಳು ಹುಳು ಹೆಕ್ಕುತ್ತವೆ. ಗಂಡು ಸೂರಕ್ಕಿ ಈ ಕಾಲದಲ್ಲಿ ಕಡುನೀಲಿ–ನೇರಳೆ ಹೊಳಪಿನ ಗರಿ ತೊಟ್ಟಿರುತ್ತದೆ. ಬೆಳಕು ಒಂದು ಕೋನದಲ್ಲಿ ಬಿದ್ದರೆ ಮಾತ್ರ ಈ ಹೊಳಪು ಕಾಣುತ್ತದೆ, ಇಲ್ಲವಾದರೆ ಹಕ್ಕಿ ಬರೀ ಕಪ್ಪು. ಹೀಗಾಗಿ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುವುದು ಇಲ್ಲಿ ಮೊದಲ ನಿಯಮ.

ರಾಶಿ ಮುಗಿದ ತೊಗರಿ, ಜೋಳದ ಹೊಲಗಳಲ್ಲಿ ಉದುರಿದ ಕಾಳಿಗೂ ಕೂಳೆಯ ನಡುವಿನ ಕೀಟಕ್ಕೂ ಹಕ್ಕಿಗಳು ಇಳಿಯುತ್ತವೆ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠ ಇಂಥ ಹೊಲದಂಚಿನ ತಂತಿಯ ಮೇಲೆ ಕುಳಿತು ಮಿಡತೆಗಾಗಿ ಕಾಯುವ ಹಕ್ಕಿ. ಕುಳಿತಾಗ ಮಂಕು ಕಂದು ಬಣ್ಣದ್ದಾಗಿ ಕಾಣುವ ಅದರ ರೆಕ್ಕೆಯ ನೀಲಿ ತೆರೆದುಕೊಳ್ಳುವುದು ಹಾರಿದಾಗ. ಮಾರ್ಚ್‌ನಿಂದ ಗಂಡು ನೀಲಕಂಠ ಎತ್ತರಕ್ಕೆ ಏರಿ, ಉರುಳುರುಳಿ ಕೆಳಗಿಳಿಯುತ್ತ ಕರ್ಕಶವಾಗಿ ಕೂಗಿ ಜೋಡಿಯನ್ನು ಕರೆಯುತ್ತದೆ. ವಸಂತದ ಅತಿ ಸುಂದರ ಚಿತ್ರಗಳಲ್ಲಿ ಒಂದು ಸಿಗುವುದು ಇಲ್ಲಿ.

ತಾಲ್ಲೂಕಿನ ಬೆಳಕೋಟಾ ಬಳಿ ಗಂಡೋರಿ ನಾಲಾ ಜಲಾಶಯವಿದೆ. ಇದೇ ಸೀಮೆಯಲ್ಲಿ ಹರಿದು ಕಾಗಿಣಾ ಸೇರುವ ಬೆಣ್ಣೆತೊರಾ ನದಿಗೆ ಹೇರೂರು ಬಳಿ ಅಣೆಕಟ್ಟು ಕಟ್ಟಲಾಗಿದೆ. ವಸಂತದಲ್ಲಿ ಜಲಾಶಯಗಳ ನೀರು ಹಿಂದೆ ಸರಿದಾಗ ಕೆಸರಿನ ಅಂಚು ತೆರೆದುಕೊಳ್ಳುತ್ತದೆ. ಮೆಟ್ಟುಗಾಲು ಹಕ್ಕಿ, ಗೊರವ, ಕೆಂಬರಲು, ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆಗಳಂಥ ಉದ್ದ ಕಾಲಿನ ಹಕ್ಕಿಗಳು ಮೇಯುವುದು ಇಂಥ ಅಂಚಿನಲ್ಲಿ. ತುಂಬಿದ ಕೆರೆಗಿಂತ ಅರ್ಧ ಬತ್ತಿದ ಕೆರೆಯಲ್ಲಿ ಹೆಚ್ಚು ಬಗೆಯ ಹಕ್ಕಿಗಳು ಕಾಣಲು ಇದೇ ಕಾರಣ.

5. ಹೊರಡುವ ಹಕ್ಕಿಗಳು, ಗೂಡು ಕಟ್ಟುವ ಹಕ್ಕಿಗಳು

ವಸಂತದಲ್ಲಿ ಎರಡು ಚಟುವಟಿಕೆಗಳು ಒಟ್ಟಿಗೆ ನಡೆಯುತ್ತವೆ. ಚಳಿಗಾಲಕ್ಕೆ ಬಂದ ಹಕ್ಕಿಗಳು ಉತ್ತರಕ್ಕೆ ಹೊರಡುತ್ತವೆ. ಇಲ್ಲೇ ಇರುವ ಹಕ್ಕಿಗಳು ಜೋಡಿಯಾಗಿ ಗೂಡಿನ ಕೆಲಸಕ್ಕೆ ತೊಡಗುತ್ತವೆ. ಉತ್ತರ ಕರ್ನಾಟಕದ ಕೆರೆಗಳಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಹಿಂದಿರುಗಲು ಮಾರ್ಚ್ ಹೊತ್ತಿಗೆ ಸಜ್ಜಾಗುತ್ತವೆ. ದಖನ್ನಿನ ಹುಲ್ಲುಬಯಲುಗಳ ಮೇಲೆ ತಗ್ಗಿನಲ್ಲಿ ತೇಲುತ್ತ ಬೇಟೆ ಹುಡುಕುವ ಸೆಳೆವಗಳು ಮಧ್ಯ ಏಷ್ಯಾದ ಕಡೆಗೆ ಹೊರಡುತ್ತವೆ.

ಈ ಸೀಮೆಯ ರೈತರು ಚೆನ್ನಾಗಿ ಬಲ್ಲ ವಲಸೆ ಹಕ್ಕಿಯೆಂದರೆ ಜೋಳದ ಹೊಲಕ್ಕೆ ಗುಂಪಾಗಿ ಇಳಿಯುವ ಗುಲಾಬಿ ಕಬ್ಬಕ್ಕಿ. ಪೂರ್ವ ಯುರೋಪು ಮತ್ತು ಮಧ್ಯ ಏಷ್ಯಾದಲ್ಲಿ ಮರಿ ಮಾಡುವ ಇದು ಮಳೆಗಾಲದ ಕೊನೆಗೆ ಇಲ್ಲಿಗೆ ಬಂದು ಏಪ್ರಿಲ್‌ನಲ್ಲಿ ಹೊರಡುತ್ತದೆ. ಹೊರಡುವ ಮುನ್ನ ಅದರ ಗುಲಾಬಿ ಮೈಬಣ್ಣ ತಿಳಿಯಾಗಿ, ತಲೆ–ರೆಕ್ಕೆಗಳ ಕಪ್ಪು ಹೊಳಪೇರುತ್ತದೆ. ಕಾಳು ತಿನ್ನುವುದರಿಂದ ರೈತರು ಕವಣೆ ಬೀಸಿ ಓಡಿಸುತ್ತಾರೆ, ಆದರೆ ಇದೇ ಹಕ್ಕಿ ಮಿಡತೆಗಳನ್ನೂ ಅಪಾರವಾಗಿ ತಿನ್ನುತ್ತದೆ. ಸಂಜೆ ಜಾಲಿ ಮರಗಳಿಗೆ ತಂಗಲು ಬರುವ ಮುನ್ನ ಸಾವಿರಾರು ಹಕ್ಕಿಗಳು ಆಕಾಶದಲ್ಲಿ ಒಟ್ಟಾಗಿ ತಿರುಗುವ ನೋಟ ಮಾರ್ಚ್ ತಿಂಗಳ ವಿಶೇಷ.

ಇಲ್ಲಿಯೇ ನೆಲೆಸಿದ ಹಕ್ಕಿಗಳಲ್ಲಿ ಟಿಟ್ಟಿಭದ ಗೂಡು ವಿಶಿಷ್ಟವಾದದ್ದು. ಬಯಲು ನೆಲದ ಸಣ್ಣ ತಗ್ಗಿನಲ್ಲಿ, ಹರಳು ಕಲ್ಲುಗಳ ನಡುವೆ ಅದು ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಗಳ ಬಣ್ಣ ನೆಲದ ಬಣ್ಣದೊಡನೆ ಬೆರೆತುಹೋಗಿ ಎರಡು ಹೆಜ್ಜೆ ದೂರದಿಂದಲೂ ಕಾಣಿಸುವುದಿಲ್ಲ. ಉರಿಬಿಸಿಲಲ್ಲಿ ತಾಯಿ–ತಂದೆ ಹಕ್ಕಿಗಳು ಸರದಿಯಂತೆ ಮೊಟ್ಟೆಗೆ ನೆರಳಾಗಿ ನಿಲ್ಲುತ್ತವೆ, ನೀರಿನಲ್ಲಿ ಎದೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತವೆ. ಮರಿ ಹೊರಬರಲು ಸುಮಾರು ನಾಲ್ಕು ವಾರ ಬೇಕು. ಅಷ್ಟು ದಿನ ಹತ್ತಿರದ ನೀರು ಬತ್ತದೆ ಉಳಿಯಬೇಕು ಎಂಬುದನ್ನು ನೆನೆದರೆ ಒಂದು ಸಣ್ಣ ಗುಂಡಿಯ ನೀರಿನ ಬೆಲೆ ಅರಿವಾಗುತ್ತದೆ.

ಕೋಗಿಲೆಯ ಕೂಗು ವಸಂತದ ಗುರುತೆಂದು ಎಲ್ಲರೂ ಬಲ್ಲರು. ಕೂಗುವ ಕರಿಯ ಹಕ್ಕಿ ಗಂಡು. ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುವುದು ಹೆಣ್ಣು. ಎರಡಕ್ಕೂ ಕಣ್ಣು ಕೆಂಪು. ಕಾಗೆ ಗೂಡು ಕಟ್ಟುವ ಕಾಲಕ್ಕೆ ಸರಿಯಾಗಿ ಹೆಣ್ಣು ಕೋಗಿಲೆ ಅದರಲ್ಲಿ ಮೊಟ್ಟೆ ಇಡುತ್ತದೆ. ಕಾಗೆಯ ಗೂಡಿರುವ ಬೇವಿನ ಮರವನ್ನು ಗಮನಿಸುತ್ತಿರುವವರಿಗೆ ಗಂಡು ಕೂಗಿ ಕಾಗೆಗಳನ್ನು ಸೆಳೆಯುವುದು, ಹೆಣ್ಣು ಸದ್ದಿಲ್ಲದೆ ಗೂಡು ಸೇರುವುದು ಎರಡೂ ಕಾಣಸಿಗುತ್ತವೆ.

6. ಹಕ್ಕಿಗಳಲ್ಲದ ಜೀವಿಗಳು

ಕುರುಚಲು ಬಯಲು ಮತ್ತು ಕಲ್ಲು ದಿಬ್ಬಗಳ ಸಣ್ಣ ಜೀವಿಗಳಲ್ಲಿ ಓತಿಗಳಿಗೆ ಮೊದಲ ಸ್ಥಾನ. ದಖನ್ನಿನ ಬಯಲುಗಳಲ್ಲಿರುವ ಬೀಸಣಿಗೆ ಗಂಟಲಿನ ಓತಿಯ ಗಂಡು ಬೇಸಿಗೆಯ ತಿಂಗಳುಗಳಲ್ಲಿ ಕಲ್ಲಿನ ಮೇಲೆ ನಿಂತು ನೀಲಿ, ಕಪ್ಪು, ಕಿತ್ತಳೆ ಬಣ್ಣದ ಗಂಟಲ ಚೀಲವನ್ನು ಅರಳಿಸಿ ಮಡಚುತ್ತದೆ. ಈ ಗುಂಪಿನ ಕೆಲವು ಓತಿಗಳನ್ನು ವಿಜ್ಞಾನಿಗಳು ‘ಸರಡ’ ಎಂಬ ಹೊಸ ಕುಲವಾಗಿ ಗುರುತಿಸಿದ್ದು 2016ರಲ್ಲಿ, ಅಂದರೆ ತೀರ ಈಚೆಗೆ. ಪಾಳು ನೆಲವೆಂದು ಕಾಗದದಲ್ಲಿ ನಮೂದಾಗುವ ಬಯಲುಗಳಲ್ಲಿ ಇನ್ನೂ ಎಷ್ಟು ತಿಳಿಯಬೇಕಾದದ್ದಿದೆ ಎಂಬುದಕ್ಕೆ ಇದು ಸಾಕ್ಷಿ.

ಕಮಲಾಪುರದಿಂದ ಪೂರ್ವಕ್ಕಿರುವ ಚಿಂಚೋಳಿ ಅರಣ್ಯವನ್ನು 2011ರಲ್ಲಿ ವನ್ಯಜೀವಿ ಧಾಮವಾಗಿ ಘೋಷಿಸಲಾಯಿತು. ಅದರ ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದು ಅದನ್ನು ಗುರುತಿಸಲಾಗುತ್ತದೆ. ಚಂದ್ರಂಪಳ್ಳಿ ಜಲಾಶಯ ಅದರ ಮುಖ್ಯ ನೀರಿನಾಸರೆ. ಚಿಗರಿ, ತೋಳ, ಕತ್ತೆಕಿರುಬ, ನರಿ ಅಲ್ಲಿಯ ಪ್ರಾಣಿಗಳು. ಎಲೆ ಉದುರಿದ ಕಾಡಿನಲ್ಲಿ ನೋಟ ದೂರಕ್ಕೆ ಸಾಗುವುದರಿಂದ ವಸಂತ ಈ ಕಾಡನ್ನು ನೋಡಲು ತಕ್ಕ ಕಾಲ. ಕಾಡಿಗೆ ಬೆಂಕಿ ಬೀಳುವ ಕಾಲವೂ ಅದೇ ಆದ್ದರಿಂದ ಅರಣ್ಯ ಇಲಾಖೆಯ ಸೂಚನೆಗಳನ್ನು ಪಾಲಿಸುವುದು ಅಗತ್ಯ.

7. ಬೆಳಕು, ದೂರ ಮತ್ತು ಕ್ಯಾಮೆರಾ

ಕಲಬುರಗಿಯಲ್ಲಿ ಮಾರ್ಚ್ ನಡುವೆ ಸೂರ್ಯ ಹುಟ್ಟುವುದು ಬೆಳಿಗ್ಗೆ 6.30ರ ಸುಮಾರಿಗೆ, ಏಪ್ರಿಲ್ ಕೊನೆಗೆ 6 ಗಂಟೆಯ ಸುಮಾರಿಗೆ. ಮೊದಲ ಎರಡು ಗಂಟೆಗಳ ಬೆಳಕು ಮೃದು, ಓರೆ ಮತ್ತು ಬೆಚ್ಚಗಿನ ಬಣ್ಣದ್ದು. ಹಕ್ಕಿಗಳು ಚುರುಕಾಗಿ ಮೇಯುವುದೂ ಆಗಲೇ. ಒಂಬತ್ತರ ಹೊತ್ತಿಗೆ ಎರೆ ನೆಲ ಕಾದು ಮೇಲಿನ ಗಾಳಿ ನಡುಗತೊಡಗುತ್ತದೆ. ಕಣ್ಣಿಗೆ ಬಿಸಿಲುಗುದುರೆಯಾಗಿ ಕಾಣುವ ಈ ನಡುಕವೇ ಉದ್ದ ಲೆನ್ಸಿನ ಚಿತ್ರಗಳನ್ನು ಮಸುಕಾಗಿಸುತ್ತದೆ. ಎಷ್ಟು ಬೆಲೆಯ ಲೆನ್ಸ್ ಆದರೂ ಇದಕ್ಕೆ ಪರಿಹಾರವಿಲ್ಲ. ಬೇಗ ಹೋಗುವುದು, ಹಕ್ಕಿ ಮತ್ತು ಕ್ಯಾಮೆರಾ ನಡುವಿನ ಅಂತರ ಕಡಿಮೆ ಇರುವ ಜಾಗ ಆರಿಸುವುದು ಎರಡೇ ದಾರಿ. ಸಂಜೆ ಐದರ ನಂತರ ಮತ್ತೆ ಒಳ್ಳೆಯ ಬೆಳಕು ಸಿಗುತ್ತದೆ.

ಹಕ್ಕಿ ಛಾಯಾಗ್ರಹಣಕ್ಕೆ 300ರಿಂದ 600 ಮಿಲಿಮೀಟರ್ ಲೆನ್ಸ್ ರೂಢಿಯಲ್ಲಿದೆ. ಹಾರುವ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/2000 ಭಾಗದ ಆಸುಪಾಸಿನಲ್ಲಿರಬೇಕು. ಸುಮ್ಮನೆ ಕುಳಿತ ಹಕ್ಕಿಗೆ 1/500 ಸಾಕು. ಬೆಳ್ಳಕ್ಕಿಯಂಥ ಬಿಳಿ ಹಕ್ಕಿ ಗಾಢ ಹಿನ್ನೆಲೆಯಲ್ಲಿದ್ದರೆ ಕ್ಯಾಮೆರಾ ಸೂಚಿಸುವುದಕ್ಕಿಂತ ಕಡಿಮೆ ಬೆಳಕು ಕೊಡಬೇಕು, ಇಲ್ಲವಾದರೆ ಗರಿಗಳ ವಿವರ ಅಳಿಸಿಹೋಗುತ್ತದೆ. ಬಿಳಿಚಿದ ಆಕಾಶದ ಎದುರು ಕುಳಿತ ಕಾಜಾಣಕ್ಕೆ ಹೆಚ್ಚು ಬೆಳಕು ಕೊಡಬೇಕು. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದರೆ ಚಿತ್ರಕ್ಕೆ ಜೀವ ಬರುತ್ತದೆ. ನೆಲದ ಹಕ್ಕಿಗಳಿಗಾಗಿ ನೆಲದ ಮೇಲೆ ಮಲಗಲೂ ಸಿದ್ಧರಿರಬೇಕು.

ಸಲಕರಣೆಗಿಂತ ದೊಡ್ಡದು ತಾಳ್ಮೆ ಎಂಬುದಕ್ಕೆ ಕನ್ನಡ ನಾಡಿನಲ್ಲಿ ಒಳ್ಳೆಯ ಪರಂಪರೆಯಿದೆ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ (1932–2017) ಫಿಲ್ಮ್ ಕಾಲದಲ್ಲಿ, ಚಿತ್ರ ಹೇಗೆ ಬಂದಿದೆಯೆಂದು ಸ್ಥಳದಲ್ಲೇ ನೋಡುವ ಅವಕಾಶವಿಲ್ಲದೆ ಕೆಲಸ ಮಾಡಿದವರು. ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) ತಮ್ಮ ಸುತ್ತಲಿನ ಹಕ್ಕಿಗಳನ್ನೇ ವರ್ಷಗಟ್ಟಲೆ ಗಮನಿಸಿ, ಚಿತ್ರ ತೆಗೆದು, ಕನ್ನಡದಲ್ಲೇ ಬರೆದರು. ಸ್ವಂತ ಊರಿನ ಹಕ್ಕಿಯೇ ಒಬ್ಬರ ಅಧ್ಯಯನಕ್ಕೆ ಸಾಕೆಂಬುದನ್ನು ಅವರ ಕೆಲಸ ತೋರಿಸಿಕೊಟ್ಟಿದೆ.

8. ನಡೆಯ ನಿಯಮಗಳು

ವಸಂತ ಮರಿ ಮಾಡುವ ಕಾಲ. ಛಾಯಾಗ್ರಾಹಕರಿಂದ ಹಕ್ಕಿಗೆ ಹೆಚ್ಚು ತೊಂದರೆಯಾಗುವ ಕಾಲವೂ ಅದೇ. ಟಿಟ್ಟಿಭದ ಗೂಡಿನ ಹತ್ತಿರ ಅರ್ಧ ಗಂಟೆ ನಿಂತರೆ ಅಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಲ್ಲಿ ಬೇಯುತ್ತವೆ. ಗೂಡಿಗೆ ಅಡ್ಡವಾದ ರೆಂಬೆಯನ್ನು ಚಿತ್ರಕ್ಕಾಗಿ ಸರಿಸಿದರೆ ನೆರಳು ಹೋಗಿ ಮರಿಗಳು ಕಾಗೆಗೂ ಹದ್ದಿಗೂ ಕಾಣಿಸುತ್ತವೆ. ಆದ್ದರಿಂದ ಗೂಡಿನ ಚಿತ್ರ ತೆಗೆಯದಿರುವುದೇ ಒಳ್ಳೆಯ ನಿಯಮ. ಗೂಡಿನ ಚಿತ್ರಗಳನ್ನು ಹಲವು ಸ್ಪರ್ಧೆಗಳು ಸ್ವೀಕರಿಸುವುದೂ ಇಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಕೇಳಿಸಿ ಕರೆಯುವುದು ಕೂಡ ತಪ್ಪು. ಎದುರಾಳಿ ಬಂದನೆಂದು ಬಗೆದ ಗಂಡು ಹಕ್ಕಿ ಗೂಡು, ಮೇವು ಬಿಟ್ಟು ಅಲೆಯುತ್ತದೆ. ಮನೆಯ ಅಂಗಳದಲ್ಲಿ ನೀರಿನ ಬಟ್ಟಲಿಟ್ಟು, ದೂರದಲ್ಲಿ ಮರೆಯಾಗಿ ಕುಳಿತು ಚಿತ್ರ ತೆಗೆಯುವುದರಲ್ಲಿ ದೋಷವಿಲ್ಲ. ಬಟ್ಟಲಿನ ನೀರನ್ನು ದಿನವೂ ಬದಲಿಸಬೇಕು, ಚಿತ್ರ ಸಿಕ್ಕಿತೆಂದು ಬೇಸಿಗೆಯ ನಡುವೆ ನೀರಿಡುವುದನ್ನು ನಿಲ್ಲಿಸಬಾರದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನವಿಲು, ಚಿಗರಿ ಮೊದಲ ಅನುಸೂಚಿಯ ರಕ್ಷಣೆ ಪಡೆದ ಜೀವಿಗಳು. ವನ್ಯಜೀವಿ ಧಾಮದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಮಲಾಪುರ ಸುತ್ತಿನ ತಾಣಗಳಲ್ಲಿ ಹೆಚ್ಚಿನವು ರೈತರ ಹೊಲ, ತೋಟಗಳು. ಅಲ್ಲಿ ಹೋಗುವವರು ಹೊಲದವರನ್ನು ಕೇಳಿ ಒಳಗೆ ಕಾಲಿಡಬೇಕು, ತೆಗೆದ ಚಿತ್ರವನ್ನು ಅವರಿಗೂ ತೋರಿಸಬೇಕು. ಯಾವ ಹಳ್ಳದಲ್ಲಿ ನೀರಿದೆ, ಯಾವ ದಿಬ್ಬದಲ್ಲಿ ನರಿಯ ಬಿಲವಿದೆ ಎಂಬುದು ಕುರಿಗಾರರಿಗೆ, ತಾಂಡಾದ ಹಿರಿಯರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

9. ಚಿತ್ರ ದಾಖಲೆಯಾಗುವ ಬಗೆ

ಪಕ್ಷಿವಿಜ್ಞಾನಿ ಸಾಲಿಂ ಅಲಿ 1931–32ರಲ್ಲಿ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು. ಅದರ ಫಲಿತಾಂಶ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಲಬುರಗಿ ಆಗ ಆ ಸಂಸ್ಥಾನದ ಭಾಗವಾಗಿತ್ತು. ಆ ಬಳಿಕ ದಕ್ಷಿಣ ಕರ್ನಾಟಕ, ಮಲೆನಾಡುಗಳ ಹಕ್ಕಿಗಳ ಬಗ್ಗೆ ಸಂಗ್ರಹವಾದಷ್ಟು ದಾಖಲೆ ಈ ಭಾಗದ ಹಕ್ಕಿಗಳ ಬಗ್ಗೆ ಸಂಗ್ರಹವಾಗಿಲ್ಲ. ಎರೆ ಬಯಲುಗಳ ಹೆಮ್ಮೆಯಾಗಿದ್ದ ಎರೆಭೂತ ಕರ್ನಾಟಕದಲ್ಲಿ ಇಂದು ಕಾಣಸಿಗುವುದೇ ಅಪರೂಪ. ನೆರೆಯ ಸೊಲ್ಲಾಪುರ ಜಿಲ್ಲೆಯ ನಾನ್ನಜ್‌ನಲ್ಲಿ 1979ರಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಮಾಡಿದರೂ ಅದರ ಸಂಖ್ಯೆ ಕುಸಿಯುವುದು ನಿಲ್ಲಲಿಲ್ಲ. ಭಾರತದ 942 ಹಕ್ಕಿ ಪ್ರಭೇದಗಳ ಸ್ಥಿತಿಯನ್ನು ಪರಿಶೀಲಿಸಿದ 2023ರ ವರದಿ ಇನ್ನೊಂದು ಎಚ್ಚರಿಕೆ ಕೊಟ್ಟಿದೆ: ಇಂದಿಗೂ ಸಾಮಾನ್ಯವೆಂದು ಕಾಣುವ ನೀಲಕಂಠದ ಸಂಖ್ಯೆ ಶೇಕಡಾ 30ರಷ್ಟು ಇಳಿದಿದ್ದು, ಅದರ ಸ್ಥಾನಮಾನವನ್ನು ಮರುಪರಿಶೀಲಿಸಬೇಕು. ಆ ವರದಿ ನಿಂತಿರುವುದು ಸಾವಿರಾರು ಹವ್ಯಾಸಿಗಳು ಇಬರ್ಡ್ ಎಂಬ ಜಾಲತಾಣಕ್ಕೆ ಸೇರಿಸಿದ ವೀಕ್ಷಣೆಗಳ ಮೇಲೆ.

ಚಿತ್ರದ ಮೌಲ್ಯ ಅದರ ಅಂದಕ್ಕೆ ಸೀಮಿತವಲ್ಲ. ದಿನಾಂಕ, ಊರು, ಹಕ್ಕಿಯ ಹೆಸರು, ಅದು ಏನು ಮಾಡುತ್ತಿತ್ತು ಎಂಬ ನಾಲ್ಕು ವಿವರಗಳಿದ್ದರೆ ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರವೂ ಮುಂದಿನ ಪೀಳಿಗೆಗೆ ಆಧಾರವಾಗುತ್ತದೆ. ಅವು ಇಲ್ಲದಿದ್ದರೆ ಬಹುಮಾನ ಪಡೆದ ಚಿತ್ರವೂ ನೋಡಿ ಮರೆಯುವ ವಸ್ತು. ಕಲಬುರಗಿ ಮತ್ತು ಕಮಲಾಪುರದ ಶಾಲೆ, ಕಾಲೇಜುಗಳು ಪ್ರತಿ ವರ್ಷ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತಮ್ಮ ಆವರಣದ ಒಂದು ಮರವನ್ನು, ಊರಿನ ಒಂದು ನೀರಿನ ನೆಲೆಯನ್ನು ಆರಿಸಿಕೊಂಡು ಅಲ್ಲಿಗೆ ಬರುವ ಹಕ್ಕಿಗಳನ್ನು ಹೀಗೆ ದಾಖಲಿಸಬೇಕು. ಹತ್ತು ವರ್ಷ ಈ ಕೆಲಸ ನಡೆದರೆ ಈ ಸೀಮೆಯ ಹಕ್ಕಿಗಳ ಬಗ್ಗೆ ಈ ಸೀಮೆಯವರೇ ಕಟ್ಟಿದ, ನಂಬಿಕೆಗೆ ಅರ್ಹವಾದ ಜ್ಞಾನ ಕನ್ನಡದಲ್ಲಿ ಸಿದ್ಧವಾಗುತ್ತದೆ. ಅದಕ್ಕೆ ಬೇಕಾದ ಮರ, ನೀರು, ಹಕ್ಕಿ ಇಲ್ಲಿಯೇ ಇವೆ; ಬರುವ ವಸಂತದಿಂದಲೇ ಕೆಲಸ ಆರಂಭವಾಗಲಿ.